ಅನ್ವೇಷಣೆಯ ಕಥೆ ಮತ್ತು ಮರಳಿ ಬಂದವರ ಮನೆ

ಮಂಗಳೂರಿನ ಕೊಟ್ಟಾರದಲ್ಲಿ, ಹೆದ್ದಾರಿಯ ಸದ್ದು ಕೇಳಿಸುವಷ್ಟು ಸಮೀಪದ ಮನೆಯೊಂದರ ಚಾವಡಿಯಲ್ಲಿ, ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಮಳೆಗಾಲದ ಸಂಜೆಗಳಲ್ಲಿ ಟೋಲ್ಕಿನ್ನನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದುತ್ತಿದ್ದಳು. ಅದು ಮೂರನೆಯ ಓದು. ಪರೀಕ್ಷೆಗೆ ಓದಬೇಕಾಗಿದ್ದ ಭಾಸ್ಕರ ಕವಿಯ 'ಜೀವಂಧರ ಚರಿತೆ' ಮಗ್ಗುಲಲ್ಲಿಯೇ ತೆರೆಯದೆ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಗಲ್ಫ್ ನಾಡಿನಲ್ಲಿ ದುಡಿದು ಹಿಂದಿನ ವರ್ಷವಷ್ಟೇ ಮರಳಿದ್ದ ತಂದೆ ಒಂದು ಸಂಜೆ ಕೇಳಿದರು: ಇಲ್ಲದ ಲೋಕದ ಕಥೆಯನ್ನು ಇಷ್ಟು ಸಲ ಓದಿದರೆ ಏನು ಸಿಗುತ್ತದೆ? ಗದರಿಕೆ ಆ ಮಾತಿನಲ್ಲಿರಲಿಲ್ಲ, ತಿಳಿಯುವ ಕುತೂಹಲವಿತ್ತು. ಮಗಳಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ವಿಮರ್ಶಕರೂ ಬೇರೆ ಬೇರೆ ರೀತಿಯಲ್ಲಿ ಕೇಳುತ್ತ ಬಂದಿದ್ದಾರೆ. ಅದ್ಭುತ ಕಥೆಗಳು ಪಲಾಯನಕ್ಕೆ ದಾರಿ ಎಂಬುದು ಹಳೆಯ ಆಕ್ಷೇಪ. 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸದಿಂದ ಬೆಳೆದ ಪ್ರಬಂಧದಲ್ಲಿ ಟೋಲ್ಕಿನ್ ಇದಕ್ಕೆ ಉತ್ತರಿಸಿದ್ದಾನೆ. ಸೆರೆಯಾಳು ಮನೆಯನ್ನು ಹಂಬಲಿಸುವುದೂ ಸೈನಿಕನು ರಣರಂಗದಿಂದ ಓಡಿಹೋಗುವುದೂ ಒಂದೇ ಅಲ್ಲವೆಂಬುದು ಅವನ ವಾದ. ಉತ್ತರ ಸಮರ್ಪಕವಾದುದೇ; ಆದರೆ ಬೇರೊಂದು ಲೋಕದ ಬಯಕೆಯನ್ನು ಮಾತ್ರ ಅದು ವಿವರಿಸುತ್ತದೆ. ಮನೆ ಬಿಡುವುದು, ದಾರಿ, ಜೊತೆಗಾರರು, ಆಪತ್ತು, ಕೊನೆಗೆ ಮರಳುವುದು ಎಂಬ ಈ ಕ್ರಮವೇ ಓದುಗರನ್ನು ಏಕೆ ಮತ್ತೆ ಮತ್ತೆ ಸೆಳೆಯುತ್ತದೆ ಎಂಬುದು ಉಳಿದೇ ಉಳಿಯುತ್ತದೆ. ಅದಕ್ಕೆ ಉತ್ತರ ಹುಡುಕಲು ಆಕೆ ದೂರ ಹೋಗಬೇಕಾಗಿರಲಿಲ್ಲ. ತೆರೆಯದೆ ಬಿದ್ದಿದ್ದ ಪಠ್ಯವೂ ಅಂಥದೇ ಕಥೆ.

ಜೀವಂಧರನ ವೃತ್ತಾಂತವನ್ನು ಗಮನಿಸಬೇಕು. ಸತ್ಯಂಧರ ರಾಜನು ರಾಣಿ ವಿಜಯೆಯ ಮೋಹದಲ್ಲಿ ಮುಳುಗಿ ರಾಜ್ಯಭಾರವನ್ನು ಮಂತ್ರಿ ಕಾಷ್ಠಾಂಗಾರನಿಗೆ ಒಪ್ಪಿಸುತ್ತಾನೆ, ಮಂತ್ರಿ ದ್ರೋಹವೆಸಗುತ್ತಾನೆ. ತುಂಬುಗರ್ಭಿಣಿಯಾದ ರಾಣಿ ನವಿಲಿನಾಕಾರದ ಯಂತ್ರವೇರಿ ಪಾರಾಗಿ ಸ್ಮಶಾನದಲ್ಲಿ ಇಳಿದು ಅಲ್ಲಿಯೇ ಮಗುವನ್ನು ಹೆರುತ್ತಾಳೆ. ಸತ್ತ ಶಿಶುವಿನೊಡನೆ ಅಲ್ಲಿಗೆ ಬಂದ ಗಂಧೋತ್ಕಟನೆಂಬ ವೈಶ್ಯನು ಆ ಮಗುವನ್ನು ಎತ್ತಿಕೊಂಡು ಹೋಗುತ್ತಾನೆ. ಗುರು ಆರ್ಯನಂದಿಯಿಂದ ತನ್ನ ಹುಟ್ಟಿನ ಗುಟ್ಟು ತಿಳಿದರೂ ಯುವಕನು ಕಾಯಬೇಕಾಗುತ್ತದೆ. ಸಾಯುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಅವನು ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನನ್ನು ಮರಣದಂಡನೆಯಿಂದ ಪಾರುಮಾಡುತ್ತದೆ. ಬಳಿಕ ದೇಶಾಟನೆ, ವಿವಾಹಗಳು, ತಾಯಿಯ ದರ್ಶನ, ದ್ರೋಹಿಯ ವಧೆ, ಪಟ್ಟಾಭಿಷೇಕ. ಮರೆಯಲ್ಲಿ ಬೆಳೆದ ರಾಜಕುಮಾರ, ಹಾರುವ ಯಂತ್ರ, ಅಮಾನುಷ ಸಹಾಯಕ: ಇಂದಿನ ಓದುಗರು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳಲ್ಲಿ ಅರಸುವ ಯಾವುದೂ ಇಲ್ಲಿ ಕಡಿಮೆಯಿಲ್ಲ.

ಪೆನುಗೊಂಡೆಯ ಭಾಸ್ಕರನು ವಾದೀಭಸಿಂಹನ ಸಂಸ್ಕೃತ ಕೃತಿಯನ್ನು ಆಧರಿಸಿ 1424ರಲ್ಲಿ ಈ ಕಥೆಯನ್ನು ಭಾಮಿನೀ ಷಟ್ಪದಿಗೆ ತಂದನು. ಅನಂತರ ತೆರಕಣಾಂಬಿಯ ಬೊಮ್ಮರಸನು ಸಾಂಗತ್ಯದಲ್ಲಿ, ಸುಮಾರು 1500ರಲ್ಲಿ ತುಳುವ ದೇಶದ ಕೋಟೇಶ್ವರನು ಷಟ್ಪದಿಯಲ್ಲಿ ಇದನ್ನೇ ಹೇಳಿದರು. ತಮಿಳಿನಲ್ಲಿ ತಿರುತ್ತಕ್ಕದೇವರ 'ಜೀವಕ ಚಿಂತಾಮಣಿ' ಅದಕ್ಕೂ ಬಹಳ ಹಿಂದಿನದು. ಒಂದು ಶತಮಾನದೊಳಗೆ ಮೂವರು ಕನ್ನಡ ಕವಿಗಳು ಒಂದೇ ಕಥೆಯನ್ನು ಕೈಗೆತ್ತಿಕೊಳ್ಳಬೇಕಾದರೆ ಅದನ್ನು ಕೇಳುವ ಹಂಬಲವೂ ಇದ್ದಿರಬೇಕು. ಸಾಹಿತ್ಯ ಚರಿತ್ರೆಯ ತರಗತಿಗಳಲ್ಲಿ ಇವು 'ಧಾರ್ಮಿಕ ಕಾವ್ಯ' ಎಂಬ ಶೀರ್ಷಿಕೆಯ ಕೆಳಗೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಕಥೆಯ ಸುಖ ಆ ಸಾಲಿನಲ್ಲಿ ಕಾಣುವುದಿಲ್ಲ. ನಾಯಿಯ ಪ್ರಸಂಗದಲ್ಲಿ ತತ್ತ್ವವೂ ಕೌತುಕವೂ ಬೇರೆಬೇರೆಯಾಗಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು.

ಆದರೆ ಜೀವಂಧರನ ಕಥೆ ಪಟ್ಟಾಭಿಷೇಕದಲ್ಲಿ ಮುಗಿಯುವುದಿಲ್ಲ. ವಾದೀಭಸಿಂಹನ ನಿರೂಪಣೆಯಲ್ಲಿ, ಬಹುಕಾಲ ರಾಜ್ಯವಾಳಿದ ಮೇಲೆ ಅವನು ಉದ್ಯಾನದಲ್ಲೊಂದು ಸಣ್ಣ ನೋಟವನ್ನು ಕಾಣುತ್ತಾನೆ. ಗಂಡು ಕೋತಿಯೊಂದು ಮುನಿದ ಸಂಗಾತಿಯನ್ನು ಒಲಿಸಿಕೊಂಡು ಹಲಸಿನ ಹಣ್ಣನ್ನು ತಂದುಕೊಡುತ್ತದೆ. ತೋಟದ ಕಾವಲುಗಾರ ಅದನ್ನು ಕಿತ್ತುಕೊಳ್ಳುತ್ತಾನೆ. ಕಾಷ್ಠಾಂಗಾರ ಆ ಕೋತಿ, ತಾನು ಕಾವಲುಗಾರ, ರಾಜ್ಯ ಆ ಹಣ್ಣು ಎಂದು ರಾಜನಿಗೆ ಹೊಳೆಯುತ್ತದೆ. ಬಾಳೆಲ್ಲ ಯಾವುದಕ್ಕಾಗಿ ಅಲೆದನೋ ಅದು ಕೈಯಿಂದ ಕೈಗೆ ಹೋಗುವ ಹಣ್ಣು. ಅವನು ಮಹಾವೀರನ ಸನ್ನಿಧಿಯಲ್ಲಿ ದೀಕ್ಷೆ ವಹಿಸುತ್ತಾನೆ.

ಪಂಪನ 'ಆದಿಪುರಾಣ'ದ ಭರತನಿಗೂ ಇಂಥ ಗಳಿಗೆಯೊಂದು ಎದುರಾಗುತ್ತದೆ. ಷಟ್ಖಂಡವನ್ನು ಗೆದ್ದು ವೃಷಭಾಚಲದ ಮೇಲೆ ಹೆಸರು ಕೆತ್ತಿಸಲು ಹೋದರೆ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬೆಟ್ಟ ತುಂಬಿಹೋಗಿದೆ. ಇನ್ನೊಬ್ಬನದನ್ನು ಅಳಿಸದೆ ತನ್ನದಕ್ಕೆ ಎಡೆಯಿಲ್ಲ.

1954–55ರಲ್ಲಿ ಪ್ರಕಟವಾದ ಟೋಲ್ಕಿನ್ನನ ಕಾದಂಬರಿಯಲ್ಲಿ ಪಯಣ ಹೊರಡುವುದೇ ಪಡೆಯಲಿಕ್ಕಲ್ಲ, ಬಿಡಲಿಕ್ಕೆ. ಉಂಗುರವನ್ನು ಬೆಂಕಿಗೆ ಎಸೆಯಬೇಕು. ಕೊನೆಯ ಗಳಿಗೆಯಲ್ಲಿ ಫ್ರೋಡೊನಿಗೆ ಅದು ಸಾಧ್ಯವಾಗುವುದಿಲ್ಲ. ಗೊಲ್ಲಮನು ಬೆರಳು ಸಮೇತ ಉಂಗುರವನ್ನು ಕಚ್ಚಿಕೊಂಡು ಬೆಂಕಿಗೆ ಬೀಳುತ್ತಾನೆ. ಜೀವಂಧರನ ತ್ಯಾಗ ಅರಿವಿನದು, ಫ್ರೋಡೊನ ಪಾಲಿಗೆ ಬಂದದ್ದು ಅಯಾಚಿತ ಬಿಡುಗಡೆ; ಎರಡರ ದರ್ಶನ ಒಂದೇ ಅಲ್ಲ. ಆದರೂ ಗುರಿ ಮುಟ್ಟಿದವನು ಹೊರಟವನೇ ಅಲ್ಲ ಎಂಬುದನ್ನು ಎರಡು ಕಥೆಗಳೂ ಬಲ್ಲವು. 1916ರ ಸೋಮ್ ಕದನದಲ್ಲಿ ಭಾಗವಹಿಸಿದ್ದ ಲೇಖಕನ ನಾಯಕನು ಊರಿಗೆ ಮರಳುತ್ತಾನೆ. ಊರು ಉಳಿದಿದೆ, ಆದರೆ ಗಾಯ ಮಾಯುವುದಿಲ್ಲ. ಕೊನೆಗೆ ಅವನು ಹಡಗು ಹತ್ತಿ ಹೊರಟುಹೋಗುತ್ತಾನೆ.

ಕೊಟ್ಟಾರದ ಆ ಮನೆಯಲ್ಲಿ ಈ ಭಾಗವನ್ನು ಮಗಳು ತಂದೆಗೆ ಕಥೆಯಾಗಿ ಹೇಳಿದಳು. ಅವರು ದುಡಿದು ಕಟ್ಟಿಸಿದ ಮನೆ ಅದು. ಆದರೂ ಬೆಳಿಗ್ಗೆ ನಾಲ್ಕಕ್ಕೆ ಎಚ್ಚರವಾಗಿ, ಯಾವ ಪಾಳಿಯೂ ಇಲ್ಲದೆ, ಚಾವಡಿಯಲ್ಲಿ ಕುಳಿತಿರುತ್ತಿದ್ದರು. ಯಾವ ಪಾತ್ರೆ ಎಲ್ಲಿದೆಯೆಂದು ಈಗಲೂ ಕೇಳಿ ತಿಳಿಯಬೇಕಾಗಿತ್ತು. ಕಥೆ ಮುಗಿದಾಗ ಅವರು ಕೇಳಿದ್ದು ಒಂದೇ ಮಾತು: ಅವನು ಹೋದ ಮೇಲೆ ಮನೆಯಲ್ಲಿ ಯಾರಿದ್ದರು?

ಸ್ಯಾಮ್ ಇದ್ದ, ಅವನ ಹೆಂಡತಿ ಮಕ್ಕಳಿದ್ದರು ಎಂದಳು ಮಗಳು. ತಂದೆ ತಲೆಯಾಡಿಸಿದರು. ಆ ರಾತ್ರಿ ಆಕೆ 'ಜೀವಂಧರ ಚರಿತೆ'ಯ ಮೊದಲ ಸಂಧಿಯನ್ನು ತೆರೆದಳು. ಮರುದಿನ ಸಂಜೆ ಅದರ ಕಥೆಯನ್ನೂ ಹೇಳಬೇಕಾಗಿತ್ತು.