ಕಾಣದ ಜಾಗಕ್ಕೆ ಎರಡು ಕೋಟ್

ಮಾಡೆಲ್ ವಿಮಾನ ಅಂದ್ರೆ ಎಲ್ಲರ ಕಣ್ಣು ರೆಕ್ಕೆ ಮೇಲೆ. ಎಷ್ಟು ಎತ್ತರ ಹೋಗುತ್ತೆ, ಎಷ್ಟು ಖರ್ಚಾಯ್ತು, ಇವೇ ಪ್ರಶ್ನೆ. ಆದರೆ ಅದರ ಆಯಸ್ಸು ಇರೋದು ಮೂಗಿನೊಳಗೆ, ಎಂಜಿನ್ ಕೂರುವ ಗೂಡಿನಲ್ಲಿ.

ಕಾಲೇಜಿನ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಹತ್ತಿದ ಏರೋಮಾಡೆಲಿಂಗ್ ಗೀಳು, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದರೂ ನನ್ನನ್ನು ಬಿಟ್ಟಿಲ್ಲ. ಅಪ್ಪ ತೆಕ್ಕಲಕೋಟೆಯಲ್ಲಿ ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಈಗ ಎಲ್ಲ ಮನೆಗೂ ಕಬ್ಬಿಣದ ಬಾಗಿಲು, ಅಲ್ಯೂಮಿನಿಯಂ ಕಿಟಕಿ. ಅವರ ಉಳಿ ಪೆಟ್ಟಿಗೆ ಮಂಚದ ಕೆಳಗೆ ಸೇರಿದೆ. ಫೋನಲ್ಲಿ ನಮ್ಮ ಮಾತು "ಊಟ ಆತಾ?" ದಾಟುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅರ್ಧ ಕಟ್ಟಿದ ಬಾಲ್ಸಾ ವಿಮಾನವನ್ನು ಊರಿಗೆ ತಂದೆ. ಅಪ್ಪ ಅಂಗೈ ಮೇಲಿಟ್ಟು ತೂಗಿದರು.

"ಬೆಂಡು ಇದ್ದಂಗೈತಿ. ಇದಕ್ಕ ಎಣ್ಣಿ ಯಾವ್ದು?"

"ಔಡಲ ಎಣ್ಣಿ ಅಪ್ಪ."

ತಮಾಷೆ ಅಂದುಕೊಂಡರು. ಆದರೆ ನಿಜ. ಗ್ಲೋ ಎಂಜಿನ್‌ಗೆ ಪೆಟ್ರೋಲ್ ಹಾಕಲ್ಲ. ಹಾಕೋದು ಮೆಥನಾಲ್, ಜೊತೆಗೆ ಸುಮಾರು ಶೇ. 20ರಷ್ಟು ಎಣ್ಣೆ. ಔಡಲ ಎಣ್ಣೆ ಮೆಥನಾಲ್ ಜೊತೆ ಚೆನ್ನಾಗಿ ಬೆರೆಯುತ್ತೆ, ಕಾವಿಗೂ ಜಗ್ಗಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗೂ ಇದನ್ನೇ ಹಾಕುತ್ತಿದ್ದರು. ಬಂಡಿ ಅಚ್ಚಿಗೆ ಇದೇ ಎಣ್ಣೆ ಹಚ್ಚಿದ್ದ ಅಪ್ಪ ಪಕ್ಕದಲ್ಲೇ ಕೂತರು.

ತೊಂದರೆ ಏನಂದ್ರೆ, ಈ ಎಣ್ಣೆ ಪೂರ್ತಿ ಉರಿಯಲ್ಲ. ಹೊಗೆ ಜೊತೆ ಹೊರಬಂದು ಮೂಗಿಗೆಲ್ಲ ಮೆತ್ತುತ್ತೆ. ಬರೀ ಮರ ಸಿಕ್ಕರೆ ಒಳಗಿಳಿಯುತ್ತೆ. ಎಣ್ಣೆ ಕುಡಿದ ಬಾಲ್ಸಾ ಭಾರವಾಗುತ್ತೆ, ಮೆತ್ತಗಾಗುತ್ತೆ, ಆಮೇಲೆ ಅಂಟೂ ಹಿಡಿಯಲ್ಲ. ಹಾರುವಾಗ ಎಂಜಿನ್ ಹಲಗೆ ಸಮೇತ ಕಿತ್ತು ಬಂದರೆ ಕೆಳಗಿರುವವರ ಗತಿ? ಸಾಮಾನ್ಯ ಬಣ್ಣ ಬಳಿದರೂ ಸಾಲದು, ಎಷ್ಟೋ ಬಣ್ಣಗಳನ್ನು ಈ ಇಂಧನವೇ ತಿಂದುಬಿಡುತ್ತೆ. ಅದಕ್ಕೇ ಎಂಜಿನ್ ಕೂರಿಸುವ ಮೊದಲು ಎಪಾಕ್ಸಿ ಬಳಿಯಬೇಕು.

ಬಳ್ಳಾರಿ ಬಿಸಿಲಿಗೆ ಎಪಾಕ್ಸಿ ಬೇಗ ಗಟ್ಟಿಯಾಗುತ್ತೆ. ಹಾಗಾಗಿ ಬೆಳಿಗ್ಗೆ ಬೇಗನೆ, ಕಿಟಕಿ ತೆರೆದು, ಗ್ಲೌಸ್ ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಕಲಸಿದೆವು. ನಾನು ಹಲಗೆಯ ಮುಖದಿಂದ ಶುರು ಮಾಡಿದೆ. ಅಪ್ಪ ಇನ್ನೊಂದು ಬ್ರಷ್ ಎತ್ತಿಕೊಂಡರು.

"ಕಟಿಗಿ ಮೈಯಿಂದ ಕುಡಿಯೋದು ಕಡಿಮಿ, ಕೊಯ್ದ ತುದಿಯಿಂದ ಜಾಸ್ತಿ. ಅಂಚು, ತೂತು ನಾ ನೋಡ್ಕೋತೀನಿ."

ಚೌಕಟ್ಟಿನ ಕಾಲು ನೆಲದ ತೇವ ಹೀರದ ಹಾಗೆ ಕಾಪಾಡಿದ ಕೈ ಅದು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಒಂದೊಂದೇ ಬೋಲ್ಟ್ ತೂತಿಗೆ, ಟ್ಯಾಂಕ್ ಗೂಡಿನ ಮೂಲೆ ಮೂಲೆಗೆ ಎಪಾಕ್ಸಿ ಹಚ್ಚಿದರು. ಒಂದು ದಿನ ಒಣಗಲು ಬಿಟ್ಟೆವು. ಮರುದಿನ ಸ್ಯಾಂಡ್ ಪೇಪರ್‌ನಲ್ಲಿ ಹಗುರಾಗಿ ಉಜ್ಜಿ ಎರಡನೇ ಕೋಟ್. ಆ ಎರಡು ದಿನ ಆಡಿದಷ್ಟು ಮಾತು ಎರಡು ವರ್ಷದಲ್ಲಿ ಆಡಿರಲಿಲ್ಲ.

ಭತ್ತ ಕೊಯ್ದ ಗದ್ದೆಯಲ್ಲಿ ಹಾರಿಸಿದೆವು. ಇಳಿದ ಮೇಲೆ ಅಪ್ಪ ಮುಚ್ಚಳ ತೆಗೆಸಿ, ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಮರ ಒತ್ತಿ ನೋಡಿದರು. ಗಟ್ಟಿಯಾಗೇ ಇತ್ತು.

ಮುಂದಿನ ವಿಮಾನದ ಎಂಜಿನ್ ಹಲಗೆ ಅವರೇ ಕೊಯ್ದು ಕೊಡ್ತಾರಂತೆ. ಉಳಿ ಪೆಟ್ಟಿಗೆ ಹೊರಗೆ ಬಂದಿದೆ. "ಅಳತಿ ವಾಟ್ಸಾಪ್ ಮಾಡು" ಅಂತ ನಿನ್ನೆಯೂ ಫೋನ್ ಮಾಡಿದ್ದರು.