ಶಾಲೆಯ ದಾದಿ

ದಾದಿ ಎಂಬ ಮಾತು ನಮ್ಮ ಸೀಮೆಯ ಮನೆಗಳಲ್ಲಿ ಇಂದಿಗೂ ಹಗುರವಾಗಿಯೇ ಬಳಕೆಯಲ್ಲಿದೆ. ಮಗಳು ಡಾಕ್ಟರಾದಳೆಂದರೆ ಕೇರಿಗೆಲ್ಲ ಸಿಹಿ ಹಂಚುವವರು, ನರ್ಸ್ ಆಗುವಳೆಂದರೆ ದನಿ ತಗ್ಗಿಸುತ್ತಾರೆ. ಪರರ ಮಲಮೂತ್ರ ಮುಟ್ಟುವ ಕೆಲಸ, ರಾತ್ರಿಯ ಪಾಳಿ, ವರ ದೊರೆಯುವುದು ದುರ್ಲಭ ಎಂಬಿವೇ ಆಕ್ಷೇಪಗಳು. ಕಾಯಕದ ಹಿರಿಮೆಯನ್ನು ಸಭೆಗಳಲ್ಲಿ ಕೊಂಡಾಡಿ ಬಂದ ಬಾಯಿಂದಲೇ ಇವು ಹೊರಡುವುದು ವಿಚಿತ್ರ.

ಅಜ್ಜಂಪುರದಲ್ಲಿರುವ ನಮ್ಮ ಬಂಧುಗಳ ಮಗಳೊಬ್ಬಳು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ್ದಾಳೆ. 1961ರ ಕಾಯಿದೆಯ ಪ್ರಕಾರ ಈ ನೋಂದಣಿ ಅವಶ್ಯ. ಆಕೆಗೆ ದೊಡ್ಡ ಆಸ್ಪತ್ರೆಯ ಹಂಬಲವಿಲ್ಲ. ವಸತಿಶಾಲೆಯೊಂದರಲ್ಲಿ ಮಕ್ಕಳ ದಾದಿಯಾಗಬೇಕೆಂಬುದೊಂದೇ ಆಸೆ. ಬಾಳೆಹೊನ್ನೂರಿನಲ್ಲಿರುವಂತಹ ನವೋದಯ ವಿದ್ಯಾಲಯಗಳಲ್ಲಿ ಈ ಹುದ್ದೆಯುಂಟು. ಅದಕ್ಕೆ ಪದವಿ, ನೋಂದಣಿಗಳ ಜೊತೆಗೆ ಎರಡೂವರೆ ವರ್ಷದ ಆಸ್ಪತ್ರೆಯ ಅನುಭವ ಬೇಕು. ಮೇಲೆ ಲಿಖಿತ ಪರೀಕ್ಷೆ. ಅನುಭವಕ್ಕೆಂದು ಕಡೂರಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತ, ಭಾನುವಾರಗಳಂದು ಪುಸ್ತಕ ಹೊತ್ತು ತರೀಕೆರೆಯ ನಮ್ಮ ಮನೆಗೆ ಬರುತ್ತಾಳೆ. (ಎರಡೂ ಊರಿಗೆ ರೈಲುಂಟು, ಆದರೂ ಆಕೆ ಬರುವುದು ಬಸ್ಸಿನಲ್ಲೇ.)

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮ್ಮಿಂದ ಆಕೆಗೆ ಆಗುವ ಉಪಕಾರವೇನೆಂದು ವಾಚಕರು ಕೇಳಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗಿಗೆ ಇಂಗ್ಲಿಷ್ ಪುಸ್ತಕ ಬಾಯಿಪಾಠವಾಗುತ್ತದೆಯೇ ಹೊರತು ಬುದ್ಧಿಗೆ ಹತ್ತುವುದಿಲ್ಲ. ಆದ್ದರಿಂದ ಓದಿದ್ದನ್ನು ಕನ್ನಡದಲ್ಲಿ ನಮಗೆ ಒಪ್ಪಿಸುವುದು, ನಮಗೆ ತಿಳಿಯುವವರೆಗೂ ಬಿಡಿಸಿ ಹೇಳುವುದು ಎಂದು ಗೊತ್ತುಮಾಡಿದೆವು. ಹಳೆಯ ಪಾಠಶಾಲೆಗಳ ಪದ್ಧತಿಯೂ ಇದೇ. ಹೀಗೆ ಅರುವತ್ತು ದಾಟಿದ ಮೇಲೆ ನಮಗೂ ಒಂದು ಹೊಸ ಶಾಸ್ತ್ರದ ಪರಿಚಯವಾಗುತ್ತಿದೆ.

ಅಮೆರಿಕದಲ್ಲಿ ಶಾಲಾದಾದಿಯರಿಗೆಂದೇ ಪ್ರತ್ಯೇಕವಾದ ರಾಷ್ಟ್ರೀಯ ಪ್ರಮಾಣಪತ್ರ ಪರೀಕ್ಷೆಯುಂಟಂತೆ. ನಮ್ಮಲ್ಲಿ ಶಾಲಾ ಆರೋಗ್ಯವು ಸಮುದಾಯ ಆರೋಗ್ಯ ಶುಶ್ರೂಷೆಯ ಒಂದು ಭಾಗ ಮಾತ್ರ. ಆ ದೇಶದಲ್ಲಿ ಈ ವೃತ್ತಿ ಹುಟ್ಟಿದ ಬಗೆಯನ್ನು ಆಕೆ ಹೇಳಿದಾಗ ಮನಸ್ಸು ಕಲಕಿತು. ನ್ಯೂಯಾರ್ಕ್ ನಗರದಲ್ಲಿ ಶಾಲಾ ವೈದ್ಯರು ಕಣ್ಣುಬೇನೆ, ಹೇನು, ಕಜ್ಜಿಯಿದ್ದ ಮಕ್ಕಳನ್ನು ಗುರುತಿಸಿ ಮನೆಗೆ ಅಟ್ಟುತ್ತಿದ್ದರು. ಚಿಕಿತ್ಸೆ ಮಾತ್ರ ಯಾರ ಹೊಣೆಯೂ ಆಗಿರಲಿಲ್ಲ. 1902ರಲ್ಲಿ ಲಿಲಿಯನ್ ವಾಲ್ಡ್ ಎಂಬಾಕೆ, ಲೀನಾ ರೋಜರ್ಸ್ ಎಂಬ ದಾದಿಯನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಕಳುಹಿಸಿಕೊಟ್ಟರು. ಆಕೆ ಶಾಲೆಯಲ್ಲೇ ಔಷಧ ಹಚ್ಚಿದರು, ಮನೆಗಳಿಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಮಕ್ಕಳು ತರಗತಿಗೆ ಮರಳಿದರು. ಕೆಲವೇ ತಿಂಗಳಲ್ಲಿ ನಗರವು ಇನ್ನಷ್ಟು ದಾದಿಯರನ್ನು ನೇಮಿಸಿತು.

ಮನೆಗೆ ಅಟ್ಟುವುದನ್ನು ನಾವೂ ಕಂಡವರು. ನಾವು ಉಚಿತ ಪ್ರಸಾದ ನಿಲಯದಲ್ಲಿದ್ದಾಗ, ಜೊತೆಯ ಹುಡುಗನೊಬ್ಬ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಕೈಕಾಲು ಸೆಟೆದು ಬಿದ್ದ. ಹಿರಿಯರು ಮುಷ್ಟಿಯಲ್ಲಿ ಕೀಲಿಗೊಂಚಲು ಹಿಡಿಸಿದರು, ಹಲ್ಲಿನ ನಡುವೆ ಚಮಚ ತುರುಕಿದರು. ತುಟಿ ಹರಿದು ರಕ್ತ ಬಂತು. ಮರುದಿನವೇ ಅವನ ತಂದೆಯನ್ನು ಕರೆಸಿ, ಗಂಟುಮೂಟೆ ಸಹಿತ ಊರಿಗೆ ಕಳುಹಿಸಲಾಯಿತು. ತರ್ಕಸಂಗ್ರಹವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದವನು ಮತ್ತೆ ಓದಲಿಲ್ಲವೆಂದು ಕೇಳಿದೆವು.

ಅಪಸ್ಮಾರದ ಅಧ್ಯಾಯವನ್ನು ಹುಡುಗಿ ಒಪ್ಪಿಸಿದ ದಿನ ನಾವು ಅದನ್ನು ಎರಡು ಬಾರಿ ಹೇಳಿಸಿದೆವು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಬೇಕು, ಬಾಯೊಳಗೆ ಏನನ್ನೂ ಇಡಬಾರದು, ಕಬ್ಬಿಣದಿಂದ ಪ್ರಯೋಜನವಿಲ್ಲ. ಗಡಿಯಾರ ನೋಡುತ್ತಿರಬೇಕು, 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆ ತಪ್ಪಿಸದಿದ್ದರೆ ಇಂತಹ ಬಹುಪಾಲು ಮಕ್ಕಳು ಎಲ್ಲರಂತೆ ಓದಬಲ್ಲರು. ಇಷ್ಟನ್ನು ಬಲ್ಲವರೊಬ್ಬರು ಅಂದು ಆ ಪಡಸಾಲೆಯಲ್ಲಿ ಇರಲಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿಕಾರರ ತಂಡವು ಅಂಗನವಾಡಿಗೆ ವರ್ಷಕ್ಕೆರಡು ಬಾರಿ, ಶಾಲೆಗೆ ಒಂದು ಬಾರಿ ಬಂದು 30 ಬಗೆಯ ನ್ಯೂನತೆ, ಕಾಯಿಲೆಗಳನ್ನು ತಪಾಸಣೆ ಮಾಡಬೇಕು. ಒಳ್ಳೆಯ ಏರ್ಪಾಡು. ಆದರೆ ಮೂರ್ಛೆ ತಂಡ ಬಂದ ದಿನವನ್ನೇ ನೋಡಿ ಬರುವುದಿಲ್ಲ. ನೂರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡುವ ನಮ್ಮ ವಿದ್ಯಾರ್ಥಿನಿಲಯಗಳು ಅಡುಗೆಯವರನ್ನು ನೇಮಿಸುವಷ್ಟೇ ಸಹಜವಾಗಿ ದಾದಿಯೊಬ್ಬಳನ್ನು ನೇಮಿಸಬೇಕೆಂಬುದು ನಮ್ಮ ಅಭಿಪ್ರಾಯ.

ರಕ್ತಹೀನತೆಯ ಪಾಠ ಬಂದಾಗ ನಮ್ಮ ಮನೆಯಲ್ಲೇ ಒಂದು ಸುಧಾರಣೆಯಾಯಿತು. ಹದಿಹರೆಯದವರಿಗೆ ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಅದರೊಡನೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಕಾಫಿಯ ಜಿಲ್ಲೆಯಲ್ಲಿ ಈ ಮಾತು ಹೇಳಲು ಧೈರ್ಯ ಬೇಕು! ನಮ್ಮ ಮೊಮ್ಮಗಳ ಊಟದ ಬೆನ್ನಿಗಿನ ಲೋಟ ಅಂದೇ ನಿಂತಿತು.

ಆಕೆಯ ಅನುಭವದ ಅವಧಿ ತುಂಬಲು ಇನ್ನು ಹನ್ನೊಂದು ತಿಂಗಳಿದೆ. ಅಷ್ಟರಲ್ಲಿ ಹೊಸದುರ್ಗದ ಕಡೆಯ ಸಂಬಂಧವೊಂದು ಬಂದಿದೆ. ಮದುವೆಯಾದ ಮೇಲೆ ಕೆಲಸ ಬೇಡವೆಂಬುದು ಅವರ ಷರತ್ತು. ಒಂದು ವರ್ಷ ತಡೆಯಿರೆಂದು ಅಜ್ಜಂಪುರಕ್ಕೇ ಹೋಗಿ ತಂದೆಯನ್ನು ಕೇಳಿಕೊಂಡೆವು. ಅವರು ಹೂಂ ಎಂದಿಲ್ಲ, ಉಹುಂ ಎಂದೂ ಇಲ್ಲ. ಈರುಳ್ಳಿ ಕಿತ್ತ ಮೇಲೆ ಹೇಳುತ್ತೇನೆಂದರು. ಹುಡುಗಿ ಮಾತ್ರ ಏನೂ ಆಗದವಳಂತೆ ಬರುವ ಭಾನುವಾರಕ್ಕೆ ಲಸಿಕೆಗಳ ಅಧ್ಯಾಯವನ್ನು ಗುರುತು ಮಾಡಿಟ್ಟು ಹೋಗಿದ್ದಾಳೆ: ಹತ್ತನೆಯ ವಯಸ್ಸಿಗೊಂದು, ಹದಿನಾರಕ್ಕೊಂದು ಟಿ.ಡಿ. ಚುಚ್ಚುಮದ್ದು.