ಬೂದಿಯಲ್ಲಿ ಹೂತಿಟ್ಟ ಬೀಜ

ನಮ್ಮ ಚಿಂತಾಮಣಿ ಕಡೆ ಒಂದೇ ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಬೆರೆತಿರುತ್ತವೆ. ಸಿಂಗಪುರದಲ್ಲಿ ಹುಟ್ಟಿದ ನನ್ನ ಮೊಮ್ಮಗನಿಗೆ ಅದು ನಾಚಿಕೆ. "ಅವ್ವಾ, ಯಾವುದಾದರೂ ಒಂದು ಭಾಷೆ ಮಾತಾಡು" ಅನ್ನುತ್ತಿದ್ದ.

ಅಲ್ಲಿಗೆ ಹೋಗಿದ್ದಾಗ, ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾದ ಗೆಳತಿಯರು ನಮ್ಮಿಬ್ಬರನ್ನೂ ಕಟೋಂಗ್‌ನ ಪೆರನಾಕನ್ ಹೋಟೆಲಿಗೆ ಕರೆದೊಯ್ದರು. ಶತಮಾನಗಳ ಹಿಂದೆ ಮಲಾಕಾ ಕಡೆಗೆ ವ್ಯಾಪಾರಕ್ಕೆ ಬಂದ ಚೀನೀಯರು ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ವಂಶದವರೇ ಪೆರನಾಕನ್ನರು. ಗಂಡಸರು ಬಾಬಾ, ಹೆಂಗಸರು ನೋನ್ಯಾ.

ಕೋಳಿಸಾರು ಬಂತು. ಅದರಲ್ಲಿ ಗಟ್ಟಿ ಸಿಪ್ಪೆಯ ಕರೀ ಬೀಜಗಳು. ಹೆಸರು ಬುವಾ ಕೆಲುವಾಕ್. ಹಸಿಯಾಗಿ ತಿಂದರೆ ವಿಷ! ಕುದಿಸಿ, ಬೂದಿಯಲ್ಲಿ ಸುಮಾರು 40 ದಿನ ಹೂತಿಟ್ಟು, ಮತ್ತೆ ನೀರಿನಲ್ಲಿ ನೆನೆಸಿದ ಮೇಲೆಯೇ ಅಡುಗೆಗೆ. ಇದನ್ನು ಮೊದಲು ತಿಂದು ನೋಡಿದ ಗಟ್ಟಿಗರು ಯಾರೋ! ಒಳಗಿನ ತಿರುಳು ತುಸು ಕಹಿ. ಸಾರಿನ ಹುಳಿ ಮಾತ್ರ ನಮ್ಮೂರಿನದೇ, ಹುಣಸೆಹಣ್ಣು.

"ನಮ್ಮ ಹಿರಿಯರ ಮಾತೂ ಹೀಗೇ ಬೆರಕೆ. ಮಲಯದೊಳಗೆ ಹೊಕ್ಕಿಯೆನ್ ಚೀನೀ ಪದಗಳು" ಎಂದರು ನೋನ್ಯಾ ಗೆಳತಿ. ಮೊಮ್ಮಗ ತಲೆಯೆತ್ತಿ ನನ್ನನ್ನೇ ನೋಡಿದ.

ಕೊನೆಗೆ ಒಂಡೆ-ಒಂಡೆ ಬಂತು. ಹೆಸರೂ ನಮ್ಮ ಉಂಡೆಯಂತೆಯೇ! ಕಾಯಿತುರಿ ಮೆತ್ತಿದ ಹಸಿರು ಉಂಡೆ. ಕಚ್ಚಿದರೆ ಒಳಗಿನ ಬೆಲ್ಲದ ಪಾಕ ಚಿಮ್ಮುತ್ತದೆ. ಮೊಮ್ಮಗ ತಟ್ಟೆ ಚಾಚಿದ.

"ಅವ್ವಾ, ಇಂಕೊಕಟಿ ಹಾಕು!"